ತೊಟ್ಟಿಗೆ ಬಿಟ್ಟ ಆಮೆಗಳು

ಹೊನ್ನೂರಮ್ಮ ಕಂಪ್ಲಿಯ ಹೊಳೆದಂಡೆಯವಳು. ಅಪ್ಪ ಬಲೆ ಬೀಸುತ್ತಿದ್ದ. ಬಲೆಗೆ ಬಿದ್ದ ಹೊಳೆ ಆಮೆಯನ್ನು ಬಿಡಿಸಿ ಮತ್ತೆ ನೀರಿಗೆ ಬಿಡುವುದು ಚಿಕ್ಕವಳಿದ್ದಾಗ ಅವಳ ಕೆಲಸ. ಮದುವೆಯಾಗಿ ಬಂಡ್ರಿಗೆ ಬಂದ ಮೇಲೆ ಹೊಳೆ ತಪ್ಪಿತು. ಗಣಿಯಲ್ಲಿ ಅದಿರು ಆರಿಸಿದಳು. ಗಣಿ ನಿಂತ ಮೇಲೆ ಅರಣ್ಯದವರ ಸಸಿ ನರ್ಸರಿಯಲ್ಲಿ ದಿನಗೂಲಿಗೆ ನಿಂತಳು.

ಆ ಇಪ್ಪತ್ತೆರಡು ಆಮೆಗಳು ಬಂದದ್ದು ಅಲ್ಲಿಗೇ. ಬೆನ್ನ ಮೇಲೆ ಹಳದಿ ನಕ್ಷತ್ರ ಬರೆದಂಥವು. ಸಂಡೂರು ಕಡೆಯ ಕುರುಚಲು ಗುಡ್ಡದಲ್ಲಿ ಹಿಡಿದು, ಒಂದೊಂದನ್ನೂ ಕಾಲುಚೀಲದಲ್ಲಿ ತುರುಕಿ, ದೊಡ್ಡ ಊರಿನ ಶ್ರೀಮಂತರ ಮನೆಗೆ ಸಾಗಿಸುತ್ತಿದ್ದ ಇಬ್ಬರು ಹೊಸಪೇಟೆಯಲ್ಲಿ ಸಿಕ್ಕಿಬಿದ್ದಿದ್ದರು. ಕಳ್ಳರಿಗೆ ಹದಿನೈದು ದಿನಕ್ಕೆ ಜಾಮೀನು. ಆಮೆಗಳಿಗೆ ಎಂಟು ತಿಂಗಳು ತಗಡಿನ ಶೆಡ್ಡು. ಅವು ಕೇಸಿನ ಸಾಕ್ಷಿ. ಕೋರ್ಟು ಹೇಳುವ ತನಕ ಗುಡ್ಡಕ್ಕೆ ಬಿಡುವಂತಿಲ್ಲ.

ಸಸಿಗೆ ನೀರುಣಿಸಿ, ಆಮೆಗಳಿಗೆ ನುಗ್ಗೆಸೊಪ್ಪು, ಕಳ್ಳಿಹಣ್ಣು ತಂದು ಹಾಕುತ್ತಿದ್ದವಳು ಇವಳೇ. ಅವು ಬಂದ ಗುಡ್ಡಕ್ಕೆ ಎಲ್ಲವೂ ಜೀವಂತ ಹೋಗಬೇಕು, ಒಂದೂ ಸಾಯಬಾರದು ಎಂಬ ಹಟ ಹತ್ತಿತ್ತು.

ಏಪ್ರಿಲ್‌ನಲ್ಲಿ ಆದೇಶ ಬಂತು. ಶನಿವಾರ ಗಾರ್ಡ್ ವೀರೇಶ್ ಹೇಳಿದ: "ಅಕ್ಕ, ಸೋಮವಾರ ನಿನ್ನ ಮಕ್ಕಳ್ನ ಗುಡ್ಡಕ್ಕ ಕಳಸ್ತೀವಿ. ಸೊಪ್ಪು ಹೊರೋದು ತಪ್ಪತೈತಿ ನಿನಗ."

"ತಪ್ಪಲಿ ಬಿಡ್ರಿ ಸಾರ್. ಇಪ್ಪತ್ತೆರಡೂ ಎಣಿಸಿ ಕೊಡ್ತೀನಿ, ಎಣಿಸಿ ತಗೊಳ್ರಿ."

ಭಾನುವಾರ ಶೆಡ್ಡು ಹಂಚಿನಂತೆ ಕಾದಿತ್ತು. ಆಮೆಗಳ ಮೈತುಂಬ ಕೆಂಪು ದೂಳು. ತವರಿಗೆ ಹೋಗುವವರನ್ನು ಮೈ ತೊಳೆಯದೆ ಯಾರಾದರೂ ಕಳಿಸುತ್ತಾರೆಯೇ? ಸಿಮೆಂಟ್ ತೊಟ್ಟಿ ತುಂಬಿಸಿ, ಒಂದೊಂದನ್ನೇ ಉಜ್ಜಿ ತೊಳೆದು, ತಂಪಾಗಿರಲಿ ಎಂದು ಅದರಲ್ಲೇ ಬಿಟ್ಟಳು. ಆಮೆ ಎಂದರೆ ಅವಳಿಗೆ ನೀರಿನ ಜೀವ. ಇವು ಒಣನೆಲದವು, ಈಜು ಬಾರದವು ಎಂದು ಎಂಟು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ. ದಿನಗೂಲಿಯವಳಿಗೆ ಕೆಲಸ ಹೇಳುತ್ತಾರೆ, ವಿಷಯ ಹೇಳುವುದಿಲ್ಲ.

ಬುತ್ತಿ ಉಂಡು, ಬೇವಿನಡಿ ಒಂದು ಗಳಿಗೆ ಅಡ್ಡಾದಳು. ಎದ್ದು ಬಂದಾಗ ತೊಟ್ಟಿಯ ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿದ್ದವು. ಎಲ್ಲಕ್ಕಿಂತ ಮೇಲಿದ್ದ ಮೂರು ಉಸಿರಾಡುತ್ತಿದ್ದವು. ಅಡಿಯಲ್ಲಿದ್ದ ಹತ್ತೊಂಬತ್ತು ಸತ್ತಿದ್ದವು.

ಸೋಮವಾರ ವೀರೇಶ್ ನಡೆದದ್ದು ಕೇಳಿ, ಕಾಗದ ಹಿಡಿದು ಕುಕ್ಕರಗಾಲಲ್ಲಿ ಕೂತ. "ಬಿಸಿಲಿಗೆ ಸತ್ವು ಅಂತ ಬರಿತೀನಿ. ನೀ ಬಾಯಿ ಬಿಡಬ್ಯಾಡ."

"ಬಿಸಿಲಿನ ಮ್ಯಾಲೆ ಯಾಕ ಹಾಕ್ತೀರಿ? ನಾ ಮಾಡಿದ್ದು. ಹಂಗ ಬರೀರಿ."

"ಹಂಗ ಬರದ್ರ ಜೈಲಿಗೆ ಹೋಗ್ತಿ."

"ಕದ್ದೋರಿಗೆ ಹದಿನೈದು ದಿನ ಆತು. ನನಗ ಎಷ್ಟಾಗತೈತಿ?"

ಅವನು ಬಿಸಿಲು ಎಂದೇ ಬರೆದು, ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿದ.

ಉಳಿದ ಮೂರನ್ನು ಜೀಪಿಗೆ ಹಾಕಿಕೊಂಡರು. "ಬಾ ಅಕ್ಕ, ಬಿಡೋದು ನೋಡುವಂತಿ," ಎಂದ ವೀರೇಶ್.

"ಅವನ್ನ ನೀವು ಬಿಡ್ರಿ. ನಾ ಇವುಗಳ ಹತ್ರ ಇರ್ತೀನಿ."

ಸತ್ತವನ್ನು ದನದ ಡಾಕ್ಟರು ಕೊಯ್ದು ನೋಡಿದ ಮೇಲೆ ನರ್ಸರಿಯ ಹಿಂದೆ ಸುಡಬೇಕೆಂದು ನಿಯಮ. ಚಿಪ್ಪು ಬೇಗ ಸುಡುವುದಿಲ್ಲ. ಹೊನ್ನೂರಮ್ಮ ಹೊತ್ತು ಮುಳುಗುವ ತನಕ ಕಟ್ಟಿಗೆ ತಂದು ತಂದು ಒಟ್ಟಿದಳು.