ಟಿಶ್ಯೂ ಇಟ್ಟ ಸೀಟು

ಸಿಂಗಾಪುರದ ಜುರಾಂಗ್ ಈಸ್ಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯ ಅಂಕಲ್‌ಗೆ ಎಲ್ಲಿ ಹೋದರೂ ಮೊದಲು ಜಾಗ ಹಿಡಿಯಬೇಕು. ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಅಲ್ಲಿ ಎಲ್ಲರೂ ಮಾಡುವಂತೆ ಕುರ್ಚಿಯ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು, ಎರಡು ಬೆರಳಿನಿಂದ ತಟ್ಟಿ, "ಜಾಗ ಉಂಟು, ನಿಧಾನಕ್ಕೆ ಬನ್ನಿ" ಎನ್ನುತ್ತಿದ್ದರು.

ಲಾರಿಯಲ್ಲಿ ಕಾಡು ಸುತ್ತಿ ಟೆಂಟಿನಲ್ಲಿ ಮಲಗುವ ಸಫಾರಿಗೆಂದು ಅವರ ಜೊತೆ ನಾನೂ ಬೋಟ್ಸ್ವಾನಾಕ್ಕೆ ಹೋಗಿದ್ದೆ. ಅಲ್ಲಿಯೂ ಲಾರಿಯ ಕಿಟಕಿ ಸೀಟಿನ ಮೇಲೆ ಟಿಶ್ಯೂ! ಮೊದಲ ದಿನವೇ ಜರ್ಮನ್ ಮಹಿಳೆಯೊಬ್ಬರು ಅದರಲ್ಲಿ ಮೂಗು ಒರೆಸಿಕೊಂಡು, ಥ್ಯಾಂಕ್ಸ್ ಹೇಳಿ, ಅಲ್ಲೇ ಕೂತುಬಿಟ್ಟರು.

"ಇಲ್ಲೂ ಇದೆಲ್ಲಾ ಬೇಕಾ ಅಂಕಲ್?" ಎಂದು ನಾನು ರೇಗಿದೆ. ಅವರು ನಕ್ಕರು.

ಮೂರನೆಯ ದಿನ ಸಂಜೆ ಆನೆಯೊಂದು ನನ್ನ ಟೆಂಟಿನ ಹಗ್ಗ ಸವರಿಕೊಂಡೇ ಹೋಯಿತು. "ನನ್ನ ಕೈಲಾಗಲ್ಲ ಅಂಕಲ್, ರಿಟರ್ನ್ ಟಿಕೆಟ್ ಬುಕ್ ಮಾಡ್ತೀನಿ" ಎಂದೆ. ಅವರು ತಲೆಯಾಡಿಸಿದರು.

ಬೆಳಿಗ್ಗೆ ಬ್ಯಾಗ್ ಕಟ್ಟಿಕೊಂಡು ಟೆಂಟಿನ ಮುಂದೆ ಕೂತಿದ್ದೆ. ಆ ದಿನದ ಸುತ್ತಾಟಕ್ಕೆ ಲಾರಿ ಹೊರಡುವುದರಲ್ಲಿತ್ತು. ಒಳಗೆ ಆ ಜರ್ಮನ್ ಮಹಿಳೆ ಕಿಟಕಿ ಸೀಟಿನ ಹತ್ತಿರ ಬಂದಾಗ ಅಂಕಲ್ ಕೈ ಅಡ್ಡ ಹಿಡಿದರು. "ಸಾರಿ, ಸಮ್‌ಒನ್ ಕಮಿಂಗ್ ಲಾ." ಆಮೇಲೆ ನನ್ನತ್ತ ತಿರುಗಿ ಸೀಟನ್ನು ಎರಡು ಬೆರಳಿನಿಂದ ತಟ್ಟಿದರು.

"ಜಾಗ ಉಂಟು. ನಿಧಾನಕ್ಕೆ ಬನ್ನಿ."

ಬ್ಯಾಗನ್ನು ಅಲ್ಲೇ ಬಿಟ್ಟು ಲಾರಿ ಹತ್ತಿದೆ.

ನದಿಯ ಹತ್ತಿರ ಆನೆಗಳು ಮರಿಯೊಂದನ್ನು ನಡುವೆ ಬಿಟ್ಟುಕೊಂಡು ನೀರಿಗಿಳಿದವು. ಕಣ್ಣು ಒರೆಸಿಕೊಳ್ಳುತ್ತಾ ಆ ದಿನದ ಟಿಶ್ಯೂ ಪ್ಯಾಕೆಟನ್ನು ಖಾಲಿ ಮಾಡಿದ್ದು ನಾನೇ. ಅಂಕಲ್ ನನ್ನ ಮುಖ ನೋಡದೆ, ನಾಳೆಗೆಂದು ಜೇಬಿನಿಂದ ಇನ್ನೊಂದನ್ನು ತೆಗೆದರು.