ಅದು ಎತ್ತ ಹೋತು?

ಗಾಳಿ ಸೋಕುವುದು, ಮೆಟ್ಟಿಕೊಳ್ಳುವುದು ಎಂಬ ಮಾತುಗಳನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಹಿರಿಯೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ನಮ್ಮ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಗಾಳಿ ಸೋಕುವುದೇ ನಿಜವಾಗಿದ್ದರೆ ಇಡೀ ತಾಲ್ಲೂಕಿಗೇ ಬೇವಿನ ಸೊಪ್ಪಿನ ಏಟು ಬೀಳಬೇಕಿತ್ತು ಎಂದು ಮಕ್ಕಳ ಮುಂದೆ ನಗೆಯಾಡುತ್ತಿದ್ದೆ. ಈಗಲೂ ನನಗೆ ನಂಬಿಕೆ ಬಂದಿಲ್ಲ. ಆದರೆ ಆ ಒಂದು ಸಂಜೆಯನ್ನು ಏನೆಂದುಕೊಳ್ಳಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಆ ವರ್ಷ ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು ಶುರುವಾಯಿತು. ಉಸಿರು ಸಾಲದು, ಬೆರಳ ತುದಿಗಳು ಜುಮ್ಮೆನ್ನುತ್ತವೆ, ಮೈಯೆಲ್ಲ ಬೆವರುತ್ತದೆ, ಇನ್ನೇನು ಸತ್ತೆ ಅನ್ನಿಸಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯುತ್ತದೆ. ಚಿತ್ರದುರ್ಗಕ್ಕೆ ಹೋಗಿ ಇಸಿಜಿ ಮಾಡಿಸಿದೆ, ಸರಿಯಾಗಿತ್ತು. ಸಮಾಧಾನವಾಗದೆ ಮತ್ತೆ ಮಾಡಿಸಿದೆ, ಆಗಲೂ ಸರಿಯಾಗಿತ್ತು. "ಏನೂ ಇಲ್ಲ ಮೇಡಂ, ಆರಾಮಾಗಿರ್ರಿ" ಎಂದು ಕಳಿಸಿದರು. ಹೊಳಲ್ಕೆರೆಯಲ್ಲಿರುವ ಅಕ್ಕ ಫೋನಿನಲ್ಲೇ, "ಒಬ್ಳೇ ಕುಂತು ಏನೇನೋ ಯೋಚ್ನೆ ಮಾಡ್ತೀಯ, ಅಷ್ಟೇ ಕಣೇ" ಎಂದಳು.

ಎಲ್ಲರೂ ಏನೂ ಇಲ್ಲ ಎನ್ನುವಾಗ, ಇರುವುದನ್ನು ಒಬ್ಬಳೇ ಹೊತ್ತು ತಿರುಗುವುದು ಬಲು ಕಷ್ಟ. ಅದಕ್ಕೊಂದು ಹೆಸರೂ ನನಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲೇ 'ಅದು' ಎನ್ನುತ್ತಿದ್ದೆ. ಅದು ಬಂತು, ಅದು ಹೋಯಿತು, ಹೀಗೆ.

ಅಂದು ಐಮಂಗಲದ ಹತ್ತಿರದ ಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿ ಸ್ಕೂಟರಿನಲ್ಲಿ ಹಿಂತಿರುಗುತ್ತಿದ್ದೆ. ಹೊತ್ತು ಮುಳುಗುತ್ತಿತ್ತು. ಹೆದ್ದಾರಿಗೆ ಇನ್ನೂ ದೂರವಿರುವಾಗಲೇ ಅದು ಬಂತು. ಗಾಡಿ ನಿಲ್ಲಿಸಿ, ಆಫ್ ಮಾಡಿ, ಶೇಂಗಾ ಕಿತ್ತ ಹೊಲವೊಂದರ ಬದುವಿನ ಮೇಲೆ ಕುಸಿದು ಕುಳಿತೆ. ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿದ್ದರು. ಸುತ್ತ ಬಲೆ ಕಟ್ಟಿತ್ತು, ಒಳಗೆ ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು. ಕಾಯುವವನು ಹತ್ತಿರದಲ್ಲೆಲ್ಲೂ ಕಾಣಲಿಲ್ಲ.

ಆಗ ಆ ಕುರಿಗಳೆಲ್ಲ ಒಟ್ಟಿಗೇ ತಲೆಯೆತ್ತಿ ನಾನಿದ್ದ ಕಡೆಗೆ ನೋಡಿದವು. ಮರುಕ್ಷಣವೇ ಇಡೀ ಮಂದೆ ದಡಕ್ಕನೆ ಎದ್ದು, ಬಲೆ ಕೆಡವಿಕೊಂಡು ಹೊಲದ ಆ ತುದಿಗೆ ಓಡಿತು. ನಾನು ಉಸಿರೆತ್ತಿರಲಿಲ್ಲ, ಕೈಕಾಲು ಅಲ್ಲಾಡಿಸಿರಲಿಲ್ಲ.

ಕುರಿ ಕಾಯುವವನು ದೊಣ್ಣೆ ಹಿಡಿದು ಓಡಿಬಂದ. ನಡುವಯಸ್ಸಿನ ಆಸಾಮಿ. ಬೆವರಿ ನಡುಗುತ್ತಿದ್ದ ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳಿದ: "ಅದು ಎತ್ತ ಹೋತು?"

ಇವನಿಗೆ ಹೇಗೆ ಗೊತ್ತಾಯಿತು ಎನ್ನುವಷ್ಟರಲ್ಲೇ, "ಹೋಗಿಲ್ಲ, ಇಲ್ಲೇ ಐತೆ" ಎಂದು ಬಾಯಿಗೆ ಬಂದುಬಿಟ್ಟಿತು.

"ಅಲ್ಲಾಡಬ್ಯಾಡ್ರಿ. ನಾನಿದೀನಿ, ಕುಂತ್ಕಳ್ರಿ" ಎಂದ. ನನಗೆ ಬೆನ್ನು ಮಾಡಿ, ಕುರುಚಲು ಗಿಡಗಳ ಕಡೆಗೆ ದೊಣ್ಣೆ ಎತ್ತಿ ನಿಂತ. ಹೋ ಎಂದು ಗದರಿದ. ಏನೂ ಇಲ್ಲ ಎನ್ನದೆ ನನ್ನ ಪಕ್ಕ ನಿಂತವನು ಅವನೊಬ್ಬನೇ. ನಿಧಾನವಾಗಿ ನನ್ನ ಉಸಿರು ಹದಕ್ಕೆ ಬಂತು.

"ಹೋತು" ಎಂದೆ.

"ಹೋತಾ? ಹೋದ ತಿಂಗಳು ಎರಡು ಮರಿ ಹೊತ್ಕಂಡು ಹೋಗಿತ್ತು ಕಣ್ರಿ. ಸಂಜಿ ಹೊತ್ನಾಗೆ ಅದರ ಹೆಸ್ರು ಎತ್ತಬಾರ್ದು. ಎತ್ತಿದ್ರೆ ಬಂದೇ ಬಿಡ್ತೈತೆ."

ಅವನು ಕೇಳಿದ್ದು ತೋಳದ ವಿಷಯ ಎಂದು ನನಗೆ ಹೊಳೆದದ್ದೇ ಆಗ. ನಾನು ಯಾವ ತೋಳವನ್ನೂ ಕಂಡಿರಲಿಲ್ಲ. ಅವನು ಮೊಬೈಲ್ ಬೆಳಕಿನಲ್ಲಿ ಹೆಜ್ಜೆ ಗುರುತಿಗಾಗಿ ಬಹಳ ಹೊತ್ತು ಹುಡುಕಿದ. ಸಿಗಲಿಲ್ಲ. ಅವನ ನಾಯಿ ನನ್ನ ಸ್ಕೂಟರಿನ ಬಳಿ ಸುಮ್ಮನೆ ಮಲಗಿತ್ತು. "ಇದ್ಯಾಕೆ ಬೊಗಳಲಿಲ್ಲ, ಅದೇ ತಿಳೀತಿಲ್ಲ ನೋಡ್ರಿ" ಎಂದ.

ಮುಂದೆ ಮನೋವೈದ್ಯರೊಬ್ಬರು ನನ್ನ ಕಾಯಿಲೆಗೆ ಹೆಸರು ಹೇಳಿದರು: ಪ್ಯಾನಿಕ್ ಅಟ್ಯಾಕ್. ಎದುರಿಗೆ ಅಪಾಯವಿಲ್ಲದಿದ್ದರೂ ಇದೆಯೆಂದುಕೊಂಡು ದೇಹ ಓಡಲು ಸಿದ್ಧವಾಗುತ್ತದಂತೆ. ಅದಕ್ಕೇ ಈ ಎದೆಬಡಿತ, ಈ ಬೆವರು. ಮಾತ್ರೆ ಕೊಟ್ಟರು, ಉಸಿರಾಡುವ ಕ್ರಮ ಕಲಿಸಿದರು, ಗುಣವೂ ಕಂಡಿತು. ಕುರಿಗಳ ಸಂಗತಿ ಹೇಳಿದಾಗ, "ಕುರಿ ಅಲ್ವೇನ್ರಿ, ಎಲೆ ಅಲುಗಿದರೂ ಬೆದರ್ತಾವೆ" ಎಂದು ನಕ್ಕರು. ಇರಬಹುದು. ನನ್ನ ಭಯ ಅವಕ್ಕೆ ತಾಗಿತೋ, ನನ್ನ ಬೆನ್ನ ಹಿಂದೆ ನಿಜಕ್ಕೂ ಏನಾದರೂ ಬಂದು ನಿಂತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಿರುಗಿ ನೋಡುವ ಶಕ್ತಿ ಆಗ ನನಗಿರಲಿಲ್ಲ.

ಅದು ಈಗಲೂ ಅಪರೂಪಕ್ಕೊಮ್ಮೆ ಬರುತ್ತದೆ, ಮನೆಯಲ್ಲಿ ಒಬ್ಬಳೇ ಇರುವಾಗ. ಗೋಡೆ ಹಿಡಿದು ಕುಳಿತು, ಕಲಿಸಿದಂತೆ ನಿಧಾನವಾಗಿ ಉಸಿರು ಬಿಡುತ್ತೇನೆ. ಫ್ಯಾನು ತಿರುಗುತ್ತಿರುತ್ತದೆ. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ನಗುತ್ತಿರುತ್ತಾರೆ. ಸೂರಿನ ಹಲ್ಲಿ ಕೂಡ ಇದ್ದಲ್ಲೇ ಇರುತ್ತದೆ, ಬೆದರುವುದಿಲ್ಲ. ಆಗ, ನನ್ನೊಡನೆ ಬೆದರಿದ್ದ ಆ ಕುರಿಗಳು ನೆನಪಾಗಿ ಅಳು ಬರುತ್ತದೆ.