ತಳ ಹಿಡಿದ ಹುಗ್ಗಿ

ವಿಜಯಪುರದಿಂದ ಗಂಡ ವಜೀರನ ಜೊತೆ ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದಿದ್ದ ನೂರುನ್ನಿಸಾ, ಅವನು ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. ಮಕ್ಕಳಿರಲಿಲ್ಲ. ಡೇಕೇರ್‌ನಲ್ಲಿ ಕೆಲಸವಿತ್ತು, ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆ ಖಾಲಿ ಇತ್ತು. ಆ ಕೋಣೆಗೆ ಆರು ತಿಂಗಳಿಗೆಂದು ಬಾಡಿಗೆಗೆ ಬಂದವಳು ಕಲಬುರಗಿಯ ಸುಮನ್. ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಎಂಜಿನಿಯರು. ಒಂಬತ್ತು ವರ್ಷ ಉಳಿದುಬಿಟ್ಟಳು. ಬಾಡಿಗೆಯ ಹುಡುಗಿ ಯಾವಾಗ ತಂಗಿಯಾದಳೋ ಇಬ್ಬರಿಗೂ ಗೊತ್ತಿಲ್ಲ. ಆಫೀಸಿನಿಂದ ಬಂದವಳೇ ಸುಮನ್ ಅಡುಗೆಕಟ್ಟೆಯ ಮೇಲೆ ಹತ್ತಿ ಕುಳಿತು, ದಿನದ ಕತೆಯೆಲ್ಲ ಹೇಳಿ ಮುಗಿಸಿದ ಮೇಲೇ ಕೈಕಾಲು ತೊಳೆಯುತ್ತಿದ್ದಳು.

ಸುಮನ್‌ಗೆ ನಲವತ್ತೊಂದು ತುಂಬಿ, ಮನೆಯವರು ಮದುವೆಯ ಮಾತನ್ನೇ ಬಿಟ್ಟಿದ್ದಾಗ ಗೌತಮ್ ಸಿಕ್ಕ, ಮದುವೆ ಗೊತ್ತಾಯಿತು. ಅವನ ಕೆಲಸ ಕಾರಿನಲ್ಲಿ ಏಳೆಂಟು ಗಂಟೆಯ ದಾರಿಯ ಸ್ಯಾನ್ ಡಿಯಾಗೋದಲ್ಲಿ.

"ಅಡಿಗಿಯೆಲ್ಲಾ ಕೇಟರಿಂಗ್‌ನವ್ರು ಮಾಡ್ತಾರ ನೂರಕ್ಕ. ಗೋದಿ ಹುಗ್ಗಿ ಮಾತ್ರ ನಿನ್ನ ಕೈದೇ ಆಗ್ಬೇಕು," ಎಂದಳು ಸುಮನ್.

"ಎಂಬತ್ತು ಮಂದಿಗೆ ನಾ ಎಂದ್ ಮಾಡೀನವ್ವಾ?" ಎಂದಳು ನೂರುನ್ನಿಸಾ. ಆದರೆ ಆ ವಾರವೇ ಎಲ್ ಕ್ಯಾಮಿನೋ ರಸ್ತೆಯ ಇಂಡಿಯನ್ ಅಂಗಡಿಗಳನ್ನೆಲ್ಲ ಸುತ್ತಿ, ಕುಟ್ಟಿದ ಗೋದಿ, ಕಪ್ಪು ಬೆಲ್ಲ, ಗಸಗಸೆ, ಒಣ ಕೊಬ್ಬರಿ ತಂದಿಟ್ಟಳು.

ಮದುವೆಯ ದಿನ ಹಾಲ್‌ನ ಅಡುಗೆಮನೆಯಲ್ಲಿ ಕೇಟರಿಂಗ್‌ನ ಶರಣಪ್ಪ ಅವಳಿಗೆ ದೊಡ್ಡ ಪಾತ್ರೆ ಕೊಟ್ಟು, ಮೂಲೆಯ ಒಲೆ ಬಿಟ್ಟುಕೊಟ್ಟ. "ಅಕ್ಕಾರ, ಇದರ ಉರಿ ಭಾಳ ಜೋರ ಐತ್ರಿ. ಕೈ ಬಿಡಬ್ಯಾಡ್ರಿ," ಎಂದ. ಗೋದಿ ಬೆಂದಿತು, ಬೆಲ್ಲ ಕರಗಿತು, ಏಲಕ್ಕಿಯ ಘಮ ಎದ್ದಿತು. ಅಷ್ಟರಲ್ಲಿ ಹೊರಗೆ ತಾಳಿ ಕಟ್ಟುವ ಹೊತ್ತಾಯಿತೆಂದು ಯಾರೋ ಕೂಗಿದರು. ನೂರುನ್ನಿಸಾ ಉರಿ ಸಣ್ಣ ಮಾಡಿ, ಒಂದು ಹಿಡಿ ಅಕ್ಷತೆ ತೆಗೆದುಕೊಂಡು ಬಾಗಿಲಿಗೆ ಹೋಗಿ ನಿಂತಳು.

ಒಂದು ಕ್ಷಣ ನೋಡಿ ಬರುವುದು ಅವಳ ಲೆಕ್ಕ. ಹಸಿರು ಇಳಕಲ್ ಸೀರೆಯಲ್ಲಿ ಸುಮನ್ ವೇದಿಕೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದಳು. ಜ್ವರ ಬಂದಾಗ ತನ್ನ ಹಾಸಿಗೆಗೇ ಬಂದು ಮಲಗುತ್ತಿದ್ದವಳು, ಕಾರು ಕಲಿಯುವಾಗ ಫ್ರೀವೇಯ ವೇಗ ನೋಡಿ ಅತ್ತವಳು ಇವಳೇ. ಸೋಮವಾರ ಅವಳ ಪೆಟ್ಟಿಗೆಗಳು ಹೊರಡುತ್ತವೆ. ಆಮೇಲೆ ಸಂಜೆ ಆರಕ್ಕೆ ಬಾಗಿಲಲ್ಲಿ ಕೀಲಿಯ ಸದ್ದಾಗುವುದಿಲ್ಲ. ಎಲ್ಲರೂ ಅಕ್ಷತೆ ಎಸೆದರು. ನೂರುನ್ನಿಸಾಳ ಕೈ ಮೇಲೇಳಲೇ ಇಲ್ಲ.

"ಅಕ್ಕಾರ, ಹೊತ್ತೈತಿ!"

ಶರಣಪ್ಪನ ದನಿಗೆ ಓಡಿಬಂದಳು. ತಳ ಹಿಡಿದಿತ್ತು. ಅವಳು ಅಕ್ಷತೆಯ ಮುಷ್ಟಿ ಬಿಚ್ಚದೆ, ಅವಸರದಲ್ಲಿ ಇನ್ನೊಂದು ಕೈಯಿಂದ ಸೌಟು ಹಾಕಿ ಕೆದಕಲು ಹೋದಾಗ ಶರಣಪ್ಪ ತಡೆದ. ಇಬ್ಬರೂ ಸೇರಿ ಮೇಲಿನ ಹುಗ್ಗಿಯನ್ನಷ್ಟೇ ಸೌಟಿನಿಂದ ಬೇರೆ ಪಾತ್ರೆಗೆ ತೆಗೆದರು. ಹಾಲು ಹಾಕಿದರು, ತುಪ್ಪ ಸುರಿದರು. ಸೀದ ವಾಸನೆ ಹೋಗಲಿಲ್ಲ.

"ಚೆಲ್ಲಿಬಿಡೂಣು ಶರಣಪ್ಪಾರ," ಎಂದಳು. "ಆಕಿ ಕೇಳಿದ್ದು ಇದೊಂದ."

"ಮೊದಲ ಆಕಿನ್ನ ಕೇಳ್ರಿ," ಎಂದು ಶರಣಪ್ಪ ತಾನೇ ಹೋಗಿ ಸುಮನ್‌ಳನ್ನು ಕರೆತಂದ.

ಬಾಸಿಂಗ ಕಟ್ಟಿದ್ದ ಹಣೆಯಲ್ಲೇ ಅಡುಗೆಮನೆಗೆ ಬಂದ ಸುಮನ್ ಒಂದು ಚಮಚ ಬಾಯಿಗಿಟ್ಟುಕೊಂಡಳು.

"ಹೊತ್ತದ," ಎಂದಳು. ಇನ್ನೊಂದು ಚಮಚ ತಿಂದಳು. "ಬಡಸ್ರಿ. ಬ್ಯಾಡಾದವ್ರು ಬಿಡ್ಲಿ." ಆಮೇಲೆ ನೂರುನ್ನಿಸಾಳ ಕಡೆ ತಿರುಗಿ, "ಬಾಗಲದಾಗ ನಿಂತಿದ್ದಿ, ನಾ ನೋಡ್ದೆ. ಮ್ಯಾಲೆ ಯಾಕ ಬರ್ಲಿಲ್ಲ?" ಎಂದು ಕೇಳಿದಳು.

"ಕೈಯೆಲ್ಲಾ ಬೆಲ್ಲ ಆಗಿತ್ತು."

"ಸುಳ್ಳ ಹೇಳಬ್ಯಾಡ."

"ಬಂದಿದ್ರ ಅಳ್ತಿದ್ದೆ," ಎಂದಳು ನೂರುನ್ನಿಸಾ. "ಮದುವಿ ಮನ್ಯಾಗ ಅಳಬಾರ್ದು."

ಸುಮನ್ ಅವಳ ಮುಷ್ಟಿ ಬಿಡಿಸಿದಳು. ಬೆವರಿಗೆ ಅಂಟಿಕೊಂಡಿದ್ದ ಅಕ್ಷತೆಯ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ತಲೆಯ ಮೇಲೆ ಹಾಕಿಕೊಂಡಳು. ಆಗ ಇಬ್ಬರೂ ಅತ್ತರು. ಶರಣಪ್ಪ ಪೂರಿ ಕರಿಯಲು ಆ ಕಡೆ ತಿರುಗಿಕೊಂಡ.

ಹುಗ್ಗಿ ಬಡಿಸಿದರು. ಕೆಲವರು ಎಲೆಯ ತುದಿಗೆ ಸರಿಸಿದರು, ಹೆಚ್ಚಿನವರು ತಿಂದು ಮುಗಿಸಿದರು. ಗೌತಮ್ ಎರಡು ಸಲ ಹಾಕಿಸಿಕೊಂಡ. ಸೋಮವಾರ ಪೆಟ್ಟಿಗೆಗಳು ಹೋದವು.

ಮೂರು ವಾರದ ಮೇಲೆ ಒಂದು ಭಾನುವಾರ ಸುಮನ್ ಫೋನು ಮಾಡಿದಳು. ಸ್ಯಾನ್ ಡಿಯಾಗೋದ ಮನೆಯಲ್ಲಿ ಗೋದಿ ನೆನೆಹಾಕಿದ್ದಾಳಂತೆ. ಎಷ್ಟು ಸೀಟಿ, ಎಷ್ಟು ಬೆಲ್ಲ ಎಂದು ಕೇಳಿದಳು. ನೂರುನ್ನಿಸಾ ಹೇಳಿದಳು.

"ಫೋನ್ ಇಡಬ್ಯಾಡ ನೂರಕ್ಕ, ಇದು ಆಗೂತನಾ ಇರು."

ನೂರುನ್ನಿಸಾ ಸ್ಪೀಕರು ಹಾಕಿ ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ನಿಂತಳು. ಆ ಕಡೆ ಕುಕ್ಕರಿನ ಮೊದಲ ಸೀಟಿ ಕೂಗಿತು.

"ಉರಿ ಸಣ್ಣ ಮಾಡು," ಎಂದಳು.